ಮೇಲಿನ ಕಾಳು

ಕೊನೆಯ ಒಂದೂವರೆ ವರ್ಷ ನಮ್ಮ ಮಾವನವರು ಹಿಮ್ಮಡಿಯ ಮೇಲೆ ನಡೆದರು. ಬೆರಳುಗಳನ್ನು ಮೇಲಕ್ಕೆತ್ತಿ, ಅಂಗಾಲು ನೆಲಕ್ಕೆ ತಾಗದಂತೆ, ಬಿಸಿಲಿಗೆ ಕಾದ ಕಣದಲ್ಲಿ ಬರಿಗಾಲಲ್ಲಿ ಹೊರಟವರ ಹಾಗೆ. ಕಾಲಿಗೆ ಏನಾಗಿದೆ ಎಂದು ಕೇಳಿದರೆ, "ಹೊಸಾ ಚಪ್ಪಲಿ ಕಚ್ಚೇತ್ರಿ ಅಳ್ಯಾರ" ಎನ್ನುತ್ತಿದ್ದರು. ಆ ಚಪ್ಪಲಿ ನನಗೆ ಗೊತ್ತಿತ್ತು. ನನ್ನ ಮಗಳು ಹೈಸ್ಕೂಲು ಸೇರಿದ ವರ್ಷ ಕೊಂಡದ್ದು. ಅವಳೀಗ ಡಿಗ್ರಿ ಮುಗಿಸಿ ಕೂತಿದ್ದಾಳೆ.

ಗುಡಗೇರಿಯಲ್ಲಿ ಅವರದು ಕಾಳಿನ ಅಡತಿ ಅಂಗಡಿ. ರೈತರು ತಂದ ಕಡಲೆ, ಜೋಳ, ಶೇಂಗಾ ನೋಡಿ ದರ ಹೇಳುವುದು ಅವರ ಕೆಲಸ. ನೋಡುವುದೆಂದರೆ ಚೀಲದ ಬಾಯಿ ಬಿಚ್ಚಿ ಇಣುಕುವುದಲ್ಲ. ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ನಡುವಿನ ಕಾಳನ್ನು ಅಂಗೈಗೆ ಉದುರಿಸಿಕೊಂಡು, ಮೂಸಿ, ಒಂದನ್ನು ಹಲ್ಲಲ್ಲಿ ಕಡಿದು ಆಮೇಲೆ ಮಾತು. "ಮ್ಯಾಲಿನ ಕಾಳ ನೋಡಿ ಚೀಲ ತಗೊಂಡಾಂವ ಮಣ್ಣ ತಿಂದ" ಎಂಬುದು ಅವರ ದಿನನಿತ್ಯದ ಮಂತ್ರ.

ನನ್ನನ್ನೂ ಅವರು ಹಾಗೆಯೇ ಪರೀಕ್ಷಿಸಿದ್ದರು. ನಾನು ಕನ್ಯೆ ನೋಡಿ ಬಂದ ಮೇಲೆ, ಒಂದು ಬೆಳಿಗ್ಗೆ ಹೇಳದೆ ಕೇಳದೆ ಕುಂದಗೋಳದ ನನ್ನ ಬಾಡಿಗೆ ಖೋಲಿಯ ಬಾಗಿಲು ಬಡಿದರು. ಆಗಷ್ಟೇ ಮಾಸ್ತರಿಕೆ ಸಿಕ್ಕಿದ್ದ ನಾನು ತಲೆಗೆ ಮಫ್ಲರ್ ಸುತ್ತಿಕೊಂಡು, ನೆಗಡಿ ಬರಬಹುದೆಂಬ ಅನುಮಾನದ ಮೇಲೆ ಮುಂಗಡವಾಗಿ ಉಗಿ ತೆಗೆದುಕೊಳ್ಳುತ್ತಿದ್ದೆ. ಅವರು ಖೋಲಿಯನ್ನೂ, ಕಿಟಕಿಯಲ್ಲಿ ಸಾಲಾಗಿಟ್ಟ ನನ್ನ ಔಷಧದ ಶೀಶೆಗಳನ್ನೂ ನೋಡಿ, ಚಹಾ ಕುಡಿದು ಎದ್ದುಹೋದರು. ಮನೆಯಲ್ಲಿ ಹೇಳಿದ್ದು ಇಷ್ಟಂತೆ: "ಹುಡುಗ ಅಗದಿ ಅಂಜುಬುರಕ ಅದಾನ. ಸೆರಿ ಕುಡ್ಯಾಕ ಸೈತ ಅಂಜ್ತಾನ. ಕೊಟ್ಟಬಿಡೂಣು."

ಅಂಥವರು ಮೂತ್ರದಲ್ಲಿ ರಕ್ತ ಕಂಡಾಗ ಉಷ್ಣವೆಂದು ಇಡೀ ಬೇಸಿಗೆ ಜೀರಿಗೆ ನೀರು ಕುಡಿದರು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋಗುವ ಹೊತ್ತಿಗೆ ಮೂತ್ರಪಿಂಡದ ಕ್ಯಾನ್ಸರ್ ಗಡ್ಡೆ ಶ್ವಾಸಕೋಶದಲ್ಲೂ ಬೀಜ ಬಿತ್ತಿಯಾಗಿತ್ತು. ಕೊಯ್ದು ತೆಗೆದು ಮುಗಿಸುವ ಹಂತ ದಾಟಿತ್ತು.

ಅಲ್ಲಿನ ಡಾಕ್ಟರು ಒಂದು ಪ್ರಯೋಗದ ಮಾತೆತ್ತಿದರು. ಗಡ್ಡೆಗೆ ರಕ್ತ ಹೋಗುವ ದಾರಿಯನ್ನೇ ಗುರಿಯಿಟ್ಟು ಕಟ್ಟುವ ಗುಳಿಗೆ ಒಂದು. ನಮ್ಮದೇ ಮೈಯ ಕಾವಲು ಪಡೆಯನ್ನು ಎಬ್ಬಿಸಿ ಗಡ್ಡೆಯ ಮೇಲೆ ಬಿಡುವ, ಸಲಾಯಿನ್ ಮೂಲಕ ಕೊಡುವ ಇಮ್ಯುನೊಥೆರಪಿ ಇನ್ನೊಂದು. ರೋಗಿಗಳಲ್ಲಿ ಒಂದು ಗುಂಪಿಗೆ ಗುಳಿಗೆ ಮಾತ್ರ, ಮತ್ತೊಂದಕ್ಕೆ ಎರಡೂ. ಎರಡು ಕೂಡಿದರೆ ಗುಣ ಹೆಚ್ಚೋ, ಬರೀ ತ್ರಾಸು ಹೆಚ್ಚೋ, ಅದನ್ನೇ ನೋಡಬೇಕಾಗಿದೆ. ಯಾರಿಗೆ ಯಾವುದು ಎಂಬುದನ್ನು ಡಾಕ್ಟರೂ ಆರಿಸುವಂತಿಲ್ಲ, ಕಂಪ್ಯೂಟರ್ ಆರಿಸುತ್ತದೆ. ಒಂದೇ ಬಂದರೆ ಕಡಿಮೆಯಾಯಿತೆಂದು ಅಳಬೇಕು, ಎರಡೂ ಬಂದರೆ ಹೆಚ್ಚಾಯಿತೆಂದು ಹೆದರಬೇಕು. ನಾನು ಎರಡಕ್ಕೂ ತಯಾರಾದೆ.

ಒಪ್ಪಿಗೆಯನ್ನು ವಿಡಿಯೋ ಮಾಡುವುದು ನಿಯಮ. ಮಾವನವರು ಇಸ್ತ್ರಿ ಅಂಗಿ, ಬಿಳಿ ಟೊಪ್ಪಿಗೆ, ಹಣೆ ತುಂಬ ವಿಭೂತಿಯಲ್ಲಿ ಬೀಗರ ಮನೆಗೆ ಹೊರಟವರಂತೆ ಬಂದು ಕ್ಯಾಮೆರಾದ ಮುಂದೆ ಕುಳಿತರು. ಸ್ವಂತ ಇಚ್ಛೆಯಿಂದ ಸೇರುತ್ತೀರಾ ಎಂದು ಡಾಕ್ಟರು ಕೇಳಿದರು.

"ನಿಮ್ಮ ಇಚ್ಛಾ ಹೆಂಗೋ ಹಂಗ್ರಿ."

ಹಾಗನ್ನುವಂತಿಲ್ಲ, ನಿಮ್ಮ ಇಚ್ಛೆಯನ್ನು ನೀವೇ ಹೇಳಬೇಕು ಎಂದು ಡಾಕ್ಟರು ಮತ್ತೆ ಮೊದಲಿನಿಂದ ಶುರುಮಾಡಿದರು. ಮಾವನವರು ಯೋಚಿಸಿ ಹೇಳಿದರು. "ಆತ್ರಿ. ನನ್ನ ಇಚ್ಛಾನೂ ನಿಮ್ಮ ಇಚ್ಛಾದಂಗ ಐತ್ರಿ."

ನಾಲ್ಕಾರು ಸಲ ಹೀಗಾದ ಮೇಲೆ ಒಪ್ಪಿಗೆ ಮುಗಿಯಿತು. ಕಂಪ್ಯೂಟರ್ ಅವರಿಗೆ ಎರಡನ್ನೂ ಕೊಟ್ಟಿತು.

ಮೂರು ವಾರಕ್ಕೊಮ್ಮೆ ಪ್ಯಾಸೆಂಜರ್ ರೈಲು. ಅವರು ಗುಡಗೇರಿಯಲ್ಲಿ ಹತ್ತಿ ಬಾಜು ಸೀಟಿಗೆ ಟವೆಲ್ ಹಾಸಿ ಜಾಗ ಹಿಡಿಯುವರು, ನಾನು ಕುಂದಗೋಳದಲ್ಲಿ ಹತ್ತುವೆ. ಶಾಲೆಗೆ ರಜೆ ಹಾಕಿ ನಾನು ಹೋಗಬೇಕೆಂದೇನೂ ಇರಲಿಲ್ಲ. ಆದರೆ ಮನೆಯಲ್ಲಿ ಕುಳಿತು ಚಿಂತಿಸುವುದಕ್ಕಿಂತ ಸ್ಥಳದಲ್ಲೇ ಕುಳಿತು ಚಿಂತಿಸುವುದು ವಾಸಿ ಅನ್ನಿಸುತ್ತಿತ್ತು. ಕೆಲವು ತಿಂಗಳಾದ ಮೇಲೆ ಅವರು ಪ್ರತಿ ಸಲ ಡಬ್ಬಿಯ ತುದಿಯಲ್ಲಿ, ಸಂಡಾಸಿನ ಬಾಗಿಲಿಗೆ ಹತ್ತಿದ ಸೀಟನ್ನೇ ಹಿಡಿಯತೊಡಗಿದರು. ಇಲ್ಲೇಕೆ ಎಂದರೆ, "ಹವಾ ಚಲೋ ಬರ್ತೈತ್ರಿ ಅಳ್ಯಾರ" ಎನ್ನುವರು. ಮೂಗಿಗೆ ಕರವಸ್ತ್ರ ಹಿಡಿದು ನಾನು ಆ ಹವಾ ಕುಡಿಯುತ್ತ ಹುಬ್ಬಳ್ಳಿ ಮುಟ್ಟುತ್ತಿದ್ದೆ. ಲೋಕದಲ್ಲಿಲ್ಲದ ರೋಗಗಳನ್ನೆಲ್ಲ ನನ್ನ ಮೈಯಲ್ಲಿ ಹುಡುಕಿ ತೆಗೆಯುವ ನನಗೆ ಪಕ್ಕದಲ್ಲೇ ಕೂತಿದ್ದ ರೋಗ ಕಾಣಲಿಲ್ಲ.

ದವಾಖಾನೆಯಲ್ಲಿ ಪ್ರಯೋಗದ ಕೆಲಸ ನೋಡುವ ಹುಡುಗಿಯೊಬ್ಬಳಿದ್ದಳು. ಅಣ್ಣಿಗೇರಿ ಕಡೆಯವಳು, ಸಮಾಧಾನದ ಹುಡುಗಿ. ಸಲಾಯಿನ್ ಹಚ್ಚುವ ಮುಂಚೆ ಕೂರಿಸಿಕೊಂಡು ಒಂದೊಂದೇ ಕೇಳುವಳು. ಅಂಗೈ ಅಂಗಾಲು ಉರಿಯುತ್ತವೆಯೇ? ಬಾಯಲ್ಲಿ ಹುಣ್ಣು? ಭೇದಿ? ಮಾವನವರು ಕೈ ಕಟ್ಟಿಕೊಂಡು ಎಲ್ಲದಕ್ಕೂ ಒಂದೇ ಉತ್ತರ ಕೊಡುವರು: "ಇಲ್ರಿ ಬಾಯಾರ. ಅಗದಿ ಆರಾಮ್ರಿ." ಕಾಲಿನ ಮಾತು ನಾನು ಎತ್ತಿದರೆ ಚಪ್ಪಲಿಯ ಕಥೆ. ಅಂಗಾಲು ತೋರಿಸಿ ಎಂದು ಅವಳು ಬಗ್ಗಿದರೆ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುವರು. ಮಗಳಂಥವಳು ತಮ್ಮ ಪಾದ ಮುಟ್ಟುವುದೆಂದರೇನು?

ಮೊದಲ ಸ್ಕ್ಯಾನಿನಲ್ಲಿ ಶ್ವಾಸಕೋಶದ ಗಂಟುಗಳು ಅರ್ಧಕ್ಕರ್ಧ ಕರಗಿದ್ದವು. ಔಷಧ ಕೆಲಸ ಮಾಡುತ್ತಿತ್ತು. ಡಾಕ್ಟರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಮಾವನವರು ಸ್ಟೇಶನ್ನಿನಲ್ಲಿ ಪೇಡೆ ಕೊಂಡು ರೈಲು ಡಬ್ಬಿಯವರಿಗೆಲ್ಲ ಹಂಚಿದರು, ತಾವು ಮಾತ್ರ ಮುಟ್ಟಲಿಲ್ಲ. ಸಕ್ಕರೆಗೆ ಹೆದರಿದ್ದಾರೆಂದು ನಾನು ಮೆಚ್ಚಿಕೊಂಡೆ.

ಅದಾಗಿ ಎರಡು ತಿಂಗಳಿಗೆ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಇಳಿಯುತ್ತಲೇ ಗೋಡೆ ಹಿಡಿದು ಕುಸಿದರು. ಭರ್ತಿ ಮಾಡಿಕೊಂಡರು. ಡಾಕ್ಟರು ಕೇಳಿದರೆ, "ನಿನ್ನಿಂದ ಸ್ವಲ್ಪ ಹೊಟ್ಟಿ ಸಡ್ಲ ಆಗೇತ್ರಿ, ಬಾಕಿ ಆರಾಮ್ರಿ" ಎಂದರು. ಡಾಕ್ಟರು ರಕ್ತದ ರಿಪೋರ್ಟು ನೋಡಿದರು, ಮಾವನವರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿ, "ಸರ್, ನೀವು ಸ್ವಲ್ಪ ಹೊರಗ ಕೂಡ್ರಿ" ಎಂದರು.

ಹೊರಗಿನ ಬೆಂಚಿನಲ್ಲಿ ಕುಳಿತು ಮನಸ್ಸಿನಲ್ಲೇ ಮಾವನವರ ಮಣ್ಣು ಮುಗಿಸಿ, ಊರಿಗೆಲ್ಲ ಫೋನು ಮಾಡುವ ಪಟ್ಟಿಯನ್ನೂ ಹಾಕಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಡಾಕ್ಟರಿಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ. ಭೇದಿ ಶುರುವಾಗಿ ತಿಂಗಳುಗಳೇ ಆಗಿದ್ದವು, ಈಚೆಗೆ ರಕ್ತವೂ ಬೀಳುತ್ತಿತ್ತು. ಮನೆಯಲ್ಲಿ ಮಗ ಸೊಸೆಗೆ ಗೊತ್ತಾಗಬಾರದೆಂದು ಅಂಗಡಿಯ ಹಿಂದಿನ ಪಾಯಖಾನೆಗೆ ಹೋಗುತ್ತಿದ್ದರಂತೆ. ಅಂಗಾಲ ತುಂಬ ಗುಳ್ಳೆ. ಇದನ್ನೆಲ್ಲ ಮಾವನವರು ಹೇಳಿದ್ದು ನಾನು ಹೊರಗೆ ಬಂದ ಮೇಲೆಯೇ.

ಎಚ್ಚೆತ್ತ ಕಾವಲು ಪಡೆ ಗಡ್ಡೆಯ ಜೊತೆ ಕರುಳಿನ ಮೇಲೂ ಬಿದ್ದಿದೆ ಎಂದು ಡಾಕ್ಟರು ವಿವರಿಸಿದರು. ಮೊದಲ ವಾರದಲ್ಲೇ ಬಾಯಿ ಬಿಟ್ಟಿದ್ದರೆ ಔಷಧವನ್ನು ಕೆಲ ದಿನ ತಡೆದು, ಸ್ಟೀರಾಯ್ಡ್ ಕೊಟ್ಟು, ಸುಧಾರಿಸಿದ ಮೇಲೆ ಮತ್ತೆ ಶುರುಮಾಡಬಹುದಿತ್ತು. ಈಗ ಜೀವ ಉಳಿಸುವುದೇ ಮುಖ್ಯ. ಸಲಾಯಿನ್ನಿನ ಔಷಧ ಇನ್ನೆಂದೂ ಕೊಡುವಂತಿಲ್ಲ. "ಗಡ್ಡಿ ಕರಗೂದು ನಮಗ ಸ್ಕ್ಯಾನಿನ್ಯಾಗ ಕಾಣ್ತದ, ಸರ್. ತ್ರಾಸು ಅವ್ರ ಬಾಯಿಂದನ ಬರಬೇಕು. ಅದನ್ನ ತಿಳಕೊಳ್ಳಾಕನ ಈ ಪ್ರಯೋಗ ಮಾಡೂದು" ಎಂದರು.

ಕೆಲಸ ಮಾಡುತ್ತಿದ್ದ ಔಷಧ. ಕೈಯಲ್ಲಿದ್ದ ಔಷಧ. ಒಂದು 'ಆರಾಮ್ರಿ'ಯಿಂದ ಹೋಯಿತು. ಮದುವೆಯಾದಾಗಿನಿಂದ ಮಾವನೆದುರು ಧ್ವನಿಯೆತ್ತದ ನಾನು ಅಂದು ಎತ್ತಿದೆ.

"ಮಾಮಾ, ಜನ್ಮ ಪೂರ್ತಿ ಮಂದಿ ಚೀಲಕ್ಕ ಚುಚ್ಚಿ ನೋಡಿದ್ರಿ. ನಿಮ್ಮ ಚೀಲ ಬಂದಾಗ ಬರೇ ಮ್ಯಾಲಿನ ಕಾಳ ತೋರಿಸಿದ್ರಲ್ರಿ?"

ಅವರು ಗೋಡೆಯ ಕಡೆ ಹೊರಳಿದರು. "ಮಠದಾಗ ಪ್ರಸಾದಕ್ಕ ಕುಂತು ಸಾರಿಗೆ ಉಪ್ಪು ಕಮ್ಮಿ ಐತಿ ಅಂತಾರೇನ್ರಿ ಅಳ್ಯಾರ? ಪುಕ್ಕಟ ಔಷಧ ನೀಡಾಕತ್ತಾರ. ಅದಕ್ಕ ಹೆಸರಿಟ್ಟರ, ಎಲಿ ಮುಂದಿಂದ ಎಬ್ಬಿಸಿ ಕಳಿಸಿಬಿಟ್ಟರ?"

 ಮನೆಗೆ ಬಂದು ಹೆಂಡತಿಯ ಮುಂದೆ ಸಿಟ್ಟು ಕಾರಿದೆ. ಅವಳು ಅಳುತ್ತಲೇ ಉಳಿದರ್ಧ ಹೇಳಿದಳು. "ಬಾಜುಕ್ಕ ಅಳಿಯಾನ ಕುಂಡ್ರಿಸಿಕೊಂಡು ಆ ಹುಡುಗಿ ಸಂಡಾಸದ ಸುದ್ದಿ ಕೇಳ್ತಾಳವಾ, ಮಾನ ಹೋಗ್ತೈತಿ ಅಂತ ಅಪ್ಪ ಅಂತಿದ್ದ. ನಾ ನಕ್ಕು ಬಿಟ್ಟಿದ್ದೆ."

"ಮತ್ತ ನನ್ನ ಯಾಕ ಕಳಿಸಿದಿ?"

"ಮನ್ಯಾಗ ಕುಂತರ ನಿಮ್ಮ ಚಿಂತಿ ತಡ್ಕೊಳ್ಳಾಕ ಆಗತಿರಲಿಲ್ಲ."

ಹೀಗೆ, ನಾನು ರಜೆ ಹಾಕಿ, ಸಂಡಾಸಿನ ಹವಾ ಕುಡಿದು, ಮೂರು ವಾರಕ್ಕೊಮ್ಮೆ ತಪ್ಪದೆ ಹೋಗಿ ಅವರ ಬಾಯಿಗೆ ಬೀಗವಾಗಿ ಕುಳಿತಿದ್ದೆ. ಚಿಂತೆಯಿಂದ ಯಾರಿಗಾದರೂ ಉಪಯೋಗವಿದೆ ಎಂದು ನನ್ನ ಎದುರು ಯಾರೂ ಈಗ ಹೇಳಬೇಡಿ.

ಅವರು ಚೇತರಿಸಿಕೊಂಡರು. ಕಡಿಮೆ ಪ್ರಮಾಣದ ಗುಳಿಗೆಯೊಂದೇ ಮುಂದುವರಿಯಿತು. ಮುಂದಿನ ಭೇಟಿಯಲ್ಲಿ ಅವರೇ ಬಾಗಿಲಲ್ಲಿ ನನ್ನನ್ನು ತಡೆದರು. "ಅಳ್ಯಾರ, ನೀವು ಹೊರಗಿರ್ರಿ." ಒಳಗಿನಿಂದ ಅವರ ಒಡಕಲು ಧ್ವನಿ ನಿಲ್ಲದೆ ಕೇಳಿಬರುತ್ತಿತ್ತು. ಗುಳಿಗೆಯಿಂದ ಧ್ವನಿಯೂ ಒಡೆದಿತ್ತು, ಅದನ್ನೂ ನೆಗಡಿಯ ಲೆಕ್ಕಕ್ಕೆ ಹಾಕಿದ್ದರು. ಹುಡುಗಿ ಹೊರಬಂದು, ಯಾವ ಊಟದ ಮೇಲೆ ಹೊಟ್ಟೆ ಕಡಿಯಿತು, ಉರಿ ಮೊದಲು ಯಾವ ಬೆರಳಿಗೆ ಹತ್ತಿತು ಎಂಬುದನ್ನೂ ಬಿಡದೆ ಹೇಳಿದರೆಂದು ಬೆರಗುಪಟ್ಟಳು.

ರೈಲಿನಲ್ಲಿ ಮಾವನವರು ಹಗುರಾಗಿದ್ದರು. "ಮುಂದ ಈ ಗುಳಿಗಿ ನುಂಗಾವ್ರಿಗೆ ಗೊತ್ತಾಗಬೇಕಲ್ರಿ. ಚೀಲಾ ಪೂರ್ತಿ ಸುರುವಿ ಬಂದೇನಿ."

ಗುಳಿಗೆಯೊಂದೇ ಆ ರೋಗವನ್ನು ಒಂದು ಮಳೆಗಾಲ ತಡೆಯಿತು. ಆಮೇಲೆ ಗಂಟುಗಳು ಮತ್ತೆ ಬೆಳೆದವು. ಹಾಗಾದರೆ ಪ್ರಯೋಗದಲ್ಲಿ ಗೆದ್ದದ್ದು ಯಾವುದು, ಜೋಡಿಯೋ, ಒಂಟಿಯೋ ಎಂದು ಡಾಕ್ಟರನ್ನು ಕೇಳಿದೆ. ಒಬ್ಬರಿಂದ ಅದು ತಿಳಿಯುವುದಿಲ್ಲ, ಎಲ್ಲ ಊರಿನ ರೋಗಿಗಳ ಲೆಕ್ಕ ಕೂಡಬೇಕು, ವರ್ಷಗಳಾಗುತ್ತವೆ ಎಂದರು. ಸರಿಯಾದ ಮಾತು. ಆದರೆ ನನಗಿದ್ದದ್ದು ಒಬ್ಬರೇ ಮಾವ. ಬೇಗ ಹೇಳಿದ್ದರೆ ಉಳಿಯುತ್ತಿದ್ದರೋ, ಹೇಗಿದ್ದರೂ ಇಷ್ಟೇ ಇತ್ತೋ, ಆ ಲೆಕ್ಕವನ್ನು ಯಾವ ಕಂಪ್ಯೂಟರೂ ಕೂಡಿಸಿ ಕೊಡುವುದಿಲ್ಲ.

ಹೊಸ ಕಡಲೆ ಅಂಗಡಿಗೆ ಬರುವ ದಿನಗಳಲ್ಲಿ ಅವರು ಹಾಸಿಗೆ ಹಿಡಿದರು. ಒಂದು ಸಂಜೆ ಹೋಗಿ ಪಕ್ಕದಲ್ಲಿ ಕುಳಿತು, ಹೇಗಿದೆ ಎಂದು ಕೇಳಿದೆ. ರೂಢಿಯಂತೆ "ಆರಾಮ್ರಿ" ಎಂದರು. ನನ್ನ ಮುಖ ನೋಡಿದರು. ನನ್ನ ಕೈಯನ್ನೆಳೆದು ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡು, "ಆರಾಮಿಲ್ರಿ ಅಳ್ಯಾರ. ಇಲ್ಲಿ ಬಾಳ ಹಿಂಡ್ತೈತಿ" ಎಂದರು. ಇಷ್ಟು ವರ್ಷಗಳ ಅಳಿಯತನದಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು. ಆ ವಾರವೇ ತೀರಿಕೊಂಡರು.

ದವಾಖಾನೆಗೆ ತಿಳಿಸಬೇಕೆಂಬುದು ನಮಗಾರಿಗೂ ಹೊಳೆಯಲಿಲ್ಲ. ತಿಂಗಳ ಮೇಲಾಗಿತ್ತು. ನಾನು ಶಾಲೆಯಲ್ಲಿದ್ದಾಗ ಫೋನು ಬಂತು. ಹೊಸ ಹುಡುಗಿ, ಹೊಸ ಧ್ವನಿ. ಪ್ರಯೋಗದಲ್ಲಿದ್ದವರನ್ನು ಆಗಾಗ ವಿಚಾರಿಸುವುದು ನಿಯಮವಂತೆ. "ನಿಮ್ಮ ಮಾವಾರು ಆರಾಮ ಅದಾರೇನ್ರಿ ಸರ್?"

"ಹೂಂ, ಆರಾಮ ಅದಾರ್ರಿ" ಎಂದಿತು ನನ್ನ ಬಾಯಿ.

ಅವಳು ಒಳ್ಳೆಯದಾಯಿತು ಎಂದು ಇಟ್ಟುಬಿಟ್ಟಳು. ಕೈಯಲ್ಲಿ ಬೋರ್ಡಿಗೆ ಬರೆಯುವ ಖಡು ಹಿಡಿದು ವರಾಂಡದಲ್ಲಿ ನಿಂತಿದ್ದೆ. ಒಳಗೆ ತರಗತಿ ಗದ್ದಲವೆಬ್ಬಿಸಿತ್ತು. ಅದೇ ನಂಬರಿಗೆ ಮತ್ತೆ ಹಚ್ಚಿದೆ.

"ಬಾಯಾರ, ತಪ್ಪು ಹೇಳಿದೆ. ಅವರು ತೀರಿಕೊಂಡಾರ್ರಿ. ಕಡಿಕಡಿಗೆ ಬಾಳ ತ್ರಾಸ ಆತು. ಹೇಳ್ತೇನಿ, ಬರ್ಕೋರಿ."