ಒಲಿ ಮ್ಯಾಲಿನ ಹಾಲು

ನವನಗರದ ದವಾಖಾನಿಗೆ ಹೊಂಟಿದ್ವಿ. ಮರೆವಿನ ರೋಗ ಇರೋ ನಮ್ಮ ಅತ್ತಿ, ಓಡೋ ಆಟೋದಾಗ ಒಮ್ಮೆಲೇ ಕಾಲು ಹೊರಗ ಹಾಕಿದ್ರು.

"ಒಲಿ ಮ್ಯಾಲ ಹಾಲು ಇಟ್ಟು ಬಂದೇನಿ, ಬಿಡ ನನ್ನ!"

ನಾ ಅವರನ್ನ ತೆಕ್ಕಿಬಡಿದು ಒದರಿದೆ: "ಅತ್ತಿ, ಆ ಹಳೇ ಮನಿ ಡ್ಯಾಮಿನ ಹಿನ್ನೀರಾಗ ಮುಳುಗಿ ಎಷ್ಟೋ ವರ್ಷ ಆತ್ರಿ!"

ಅತ್ತಿ ಇವತ್ತಷ್ಟ ಆ ಸುದ್ದಿ ತಿಳಿದವರಂಗ ಅತ್ತು, ಇನ್ನೂ ಜೋರ್ ಕೊಸರಾಡಿದ್ರು. ನನ್ನ ಕೈ ಜಾರಾಕತ್ತಿತ್ತು.

ಆಟೋದಾಂವ ಗಾಡಿ ಬದಿಗೆ ನಿಲ್ಲಿಸಿ, ಹಿಂದ ತಿರುಗಿ ಅವರನ್ನ ನೆಟ್ಟಗ ನೋಡಿದ.

"ಯವ್ವಾ, ಉರಿ ಎಷ್ಟು ಇಟ್ಟೀರಿ?"

ಅತ್ತಿ ಅಳು ನಿಲ್ಲಿಸಿದ್ರು. "ಸಣ್ಣಗ ಇಟ್ಟೇನಪಾ."

"ಹಂಗಾರ ಉಕ್ಕೂದಿಲ್ಲ ಬಿಡ್ರಿ."

ಅತ್ತಿ ಕಾಲು ಒಳಗ ತಗೊಂಡ್ರು. ಆಮ್ಯಾಲ ನನ್ನ ಕಡೆ ಹೊಳ್ಳಿ, "ಮುಚ್ಚಿ ಬಂದಿಯಿಲ್ಲೋ? ಬೆಕ್ಕು ಬರ್ತೈತಿ" ಅಂದ್ರು.

"ತಾಟು ಮುಚ್ಚೇನ್ರಿ ಅತ್ತಿ" ಅಂದೆ.

ಅವರು ನನ್ನ ಹೆಗಲ ಮ್ಯಾಲ ತಲಿ ಇಟ್ಟು ಮಲಗಿದ್ರು. ದವಾಖಾನಿ ಮುಟ್ಟೂತನಕ ಬೆಕ್ಕಿನ ಚಿಂತಿ ಮಾಡಿದಾಕಿ ನಾ.