ಹುಳದ ಮನೆಯ ಹೊಸ್ತಿಲು

ಎರಡು ಸಲ ಕುದೂರಿನ ಬಸ್ ಹತ್ತಿ, ಎರಡು ಸಲವೂ ನಡುದಾರಿಯಲ್ಲೇ ಇಳಿದು ವಾಪಸಾಗಿದ್ದೆ. ಆವತ್ತು ಇಳಿಯಲಿಲ್ಲ. ಕೇರಿಯ ಕೊನೆಯ ಮನೆಯ ಜಗಲಿಯಲ್ಲಿ ಅವನು ಕೂತಿದ್ದ. ಹುಡುಗನಾಗಿದ್ದಾಗಿನಿಂದ ತಲೆ ನರೆಯುವವರೆಗೆ ನಮ್ಮ ಮನೆಯಲ್ಲಿ ಜೀತಕ್ಕಿದ್ದವನು.

"ಬನ್ನಿ ಬುದ್ಧಿ, ಕೂತ್ಕಳಿ."

"ಇನ್ನೂ ಬುದ್ಧಿ ಅಂತೀಯಲ್ಲಪ್ಪ."

"ಬಾಯಿಗೆ ಬಂದ್ಬುಡ್ತದೆ."

ಕೂರಲು ಆಗಲಿಲ್ಲ. ಕಂಬ ಹಿಡಿದು ನಿಂತೆ, ಅಂಗಳಕ್ಕಿಳಿದೆ, ಮತ್ತೆ ಹತ್ತಿದೆ.

ಅವನಪ್ಪ ಯಾವುದೋ ಮದುವೆಗೆಂದು ನಮ್ಮಪ್ಪನ ಹತ್ತಿರ ಸಾಲ ಮಾಡಿ, ಮಗನನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದ. ಅವನೂ ನಾನೂ ಒಂದೇ ವಾರಿಗೆ. ನಾನು ಮಾಗಡಿಯ ಹೈಸ್ಕೂಲಿಗೆ ಹೋದೆ, ಅವನು ನಮ್ಮ ದನಗಳ ಹಿಂದೆ ಹೋದ. ದೊಡ್ಡವನಾದ ಮೇಲೆ ಹಿಪ್ಪುನೇರಳೆ ತೋಟವೆಲ್ಲ ಅವನದೇ ದುಡಿಮೆ. ಬೆಳಗಾಗುತ್ತಲೇ ಸೊಪ್ಪು ಕೊಯ್ದು, ಹೊರೆಯನ್ನು ರೇಷ್ಮೆ ಹುಳದ ಮನೆಯ ಹೊಸ್ತಿಲ ಹೊರಗೆ ಇಳಿಸುತ್ತಿದ್ದ. ಒಳಗೆ ಕಾಲಿಡುವ ಹಾಗಿರಲಿಲ್ಲ. ಅವನ ಜಾತಿಯವರು ಒಳಗೆ ಬಂದರೆ ಹುಳ ಕೆಡುತ್ತದೆ ಎಂದು ನಾವು ನಂಬಿದ್ದೆವು. ಅವನೂ ನಂಬುವ ಹಾಗೆ ಮಾಡಿದ್ದೆವು.

ಜೀತ ರದ್ದು ಮಾಡುವ ಕಾನೂನು ಬಂತು. ಊರಿನ ಬೇರೆ ಮನೆಗಳಲ್ಲಿದ್ದವರು ಬಿಡುಗಡೆಯಾದರು, ಕೆಲವರಿಗೆ ತುಂಡು ಜಮೀನೂ ಸಿಕ್ಕಿತು. ಒಂದು ದಿನ ವಿಚಾರಣೆಗೆ ಒಬ್ಬ ಅಧಿಕಾರಿ ನಮ್ಮ ಮನೆಗೂ ಬಂದ. ಓದಿದವನು ಎಂದು ಅಪ್ಪ ನನ್ನನ್ನು ಮುಂದೆ ತಳ್ಳಿದ.

"ಜೀತ ಎಲ್ಲಿ ಸಾರ್? ಮನೆ ಮಗ ಇದ್ದಂಗೆ ಅವ್ನೆ. ನಮ್ ಜೊತೆಲೇ ಉಣ್ತಾನೆ, ಇಲ್ಲೇ ಮಲಗ್ತಾನೆ," ಎಂದೆ.

"ಎಲ್ಲಿ ಮಲಗ್ತಾನೆ? ತೋರಿಸಿ."

ಅವನ ಚಾಪೆ ಇದ್ದದ್ದು ಕೊಟ್ಟಿಗೆಯಲ್ಲಿ. ನನ್ನ ಕೈ ಹುಳದ ಮನೆಯ ಕಡೆ ಹೋಯಿತು. ಅಧಿಕಾರಿ ಒಳಗೆ ಬಂದ, ನಾನೂ ಬಂದೆ. ನಮ್ಮ ಹಿಂದೆ ಬಂದ ಅವನು ಹೊಸ್ತಿಲಿನ ಹೊರಗೇ ನಿಂತ.

"ಬಾರೋ ಒಳಕ್ಕೆ," ಎಂದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕರೆದದ್ದು.

ಅವನು ತನ್ನ ಕಾಲು ನೋಡಿಕೊಂಡ. "ಬ್ಯಾಡಿ ಬುದ್ಧಿ. ಹುಳ ಜ್ವರಕ್ಕೆ ಕೂತವೆ." ಹುಳ ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತನ್ನು ನಾವು ಜ್ವರ ಎನ್ನುತ್ತೇವೆ.

ಅಧಿಕಾರಿ ನನ್ನ ಮುಖ ನೋಡಿದ. ನಾನು ತಡವರಿಸಲಿಲ್ಲ. "ನೋಡಿ ಸಾರ್, ಎಷ್ಟು ಶುಚಿ! ಕಾಲು ತೊಳೀದೆ ಒಳಗೆ ಬರಲ್ಲ. ಸ್ವಂತ ಬೆಳೆ ಥರ ನೋಡ್ಕೋತಾನೆ."

ಅಧಿಕಾರಿಗೆ ನಗು ಬಂತು. "ಇಷ್ಟಪಟ್ಟೇ ಇದ್ದೀಯೇನಪ್ಪ?"

ಅವನು ನನ್ನನ್ನು ನೋಡಿದ. ನಾನು ಹುಳದ ತಟ್ಟೆ ಸರಿಮಾಡುವವನ ಹಾಗೆ ಬಗ್ಗಿದೆ. ಮತ್ತೆ ತಿರುಗಿದಾಗ ಹೌದೆಂದು ಅವನ ತಲೆ ಆಡುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ನನ್ನ ಬೆನ್ನು ತಟ್ಟಿದ. "ಓದ್ಸಿದ್ದೂ ಸಾರ್ಥಕ ಆಯ್ತು ಕಣ್ಲಾ." ಅಪ್ಪ ಸಾಯುವವರೆಗೂ ಅವನು ನಮ್ಮಲ್ಲೇ ದುಡಿದ. ಆಮೇಲೆ ಹೆಂಡತಿಯ ಊರಿಗೆ, ಈ ಕೇರಿಗೆ, ಬರಿಗೈಯಲ್ಲಿ ಬಂದ.

"ಆವತ್ತು ನಾನು ಸುಳ್ಳು ಹೇಳಿದೆ. ಅದನ್ನ ಹೇಳೋಕೇ ಬಂದೆ," ಎಂದೆ.

"ನಂಗೊತ್ತಿಲ್ವಾ? ನಾನಲ್ಲೇ ನಿಂತಿದ್ನಲ್ಲ." ಎಲೆಯಡಿಕೆ ಉಗಿದು ಬಂದು ಕೂತ. "ಎಲ್ಲಾನೂ ಯೋಳ್ಬುಡಾನಾ ಅಂತ್ಲೇ ಬಂದಿದ್ದೆ. ನೀವು ಬಾರೋ ಅಂದ್ರಿ ನೋಡಿ, ಕಾಲೇ ಏಳ್ನಿಲ್ಲ. ಬಾಯೂ ಕಟ್ಕಂತು."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

"ನಂಗ್ ಯೋಳಿ ಏನಾಗ್ಬೇಕು? ನನ್ ಮಗಂಗ್ ಯೋಳಿ. ಎಲ್ರೂ ಬುಡಿಸ್ಕಂಡು ಭೂಮಿ ತಕಂಡ್ರು, ನಿಂಗೆ ಗೌಡ್ರ ಮನೆ ಮುದ್ದೆ ಬುಡಕಾಗ್ನಿಲ್ಲ ಅಂತಾನೆ. ನಾನ್ ಯೋಳುದ್ರೆ ನಂಬಾಕಿಲ್ಲ."

ಮಗ ಬಿಡದಿಯ ಕಾರ್ಖಾನೆಯಲ್ಲಿದ್ದಾನೆ, ಸಂಜೆ ಬರುತ್ತಾನೆ. ನನ್ನ ಬಸ್ಸು ಅದಕ್ಕೂ ಮುಂಚೆ. ಅಂಗಳಕ್ಕಿಳಿದು ರಸ್ತೆಯವರೆಗೆ ಹೋದೆ. ಬಸ್ಸು ಬಂತು, ಕಂಡಕ್ಟರ್ ಕೂಗಿದ. ಹೋಗಲಿ ಎಂದು ಕೈಯಾಡಿಸಿ ಹಿಂದಕ್ಕೆ ಬಂದೆ. ಅವನು ಇದ್ದಲ್ಲೇ ಇದ್ದ.

ಮಗ ಗಾಡಿ ನಿಲ್ಲಿಸಿ ನನ್ನ ಗುರುತು ಹಿಡಿದ. ನಮಸ್ಕಾರ ಮಾಡಲಿಲ್ಲ.

"ಆಗ ನಮ್ಮನೇಲಿ ಹುಳ ಜ್ವರಕ್ಕೆ ಕೂತಿದ್ವಪ್ಪಾ..." ಎಂದು ಶುರು ಮಾಡಿದೆ.

"ಹುಳದ್ ಮಾತು ಬುಡಿ," ಎಂದ ಅವನಪ್ಪ. "ನೀವೇನಂದ್ರಿ ಅದ ಯೋಳಿ."

ಹೇಳಿದೆ. ನನ್ನ ಮಾತು ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಮಗ ಹೆಲ್ಮೆಟ್ ಹಿಡಿದುಕೊಂಡೇ ಅಪ್ಪನ ಕಡೆ ತಿರುಗಿದ. "ಅಂಗಾರೆ ನೀನ್ಯಾಕ್ ತಲೆ ಆಡಿಸ್ದೆ?"

ಅವನು ಆವತ್ತಿನ ಹಾಗೆಯೇ ನನ್ನನ್ನು ನೋಡಿದ.

"ನಮ್ಮಪ್ಪ ಅಂಗಳದಲ್ಲಿ ನಿಂತಿದ್ದ," ಎಂದೆ. "ಇವನು ನನ್ನ ಮುಖ ನೋಡಿದ. ನಾನು ತಟ್ಟೆ ಕಡೆ ತಿರುಗಿಕೊಂಡೆ."

ಮಗ ಅಪ್ಪನ ಪಕ್ಕ ಜಗಲಿಯ ಮೇಲೆ ಕೂತ.

"ಇನ್ನೊಂದ್ಸಲ ಯೋಳಿ," ಎಂದ. "ಮೊದ್ಲಿಂದ."

ನಿಂತುಕೊಂಡೇ, ಮೊದಲಿಂದ ಹೇಳತೊಡಗಿದೆ.