ರೇಸಿಂಗ್ ಡಬ್ಬಿಯೂ ಅಕ್ಕನ ಬಾಗಿನವೂ

ಬೈಕಿನ ಪಕ್ಕದ ಪ್ಲಾಸ್ಟಿಕ್ ಕವರ್ ಕಿತ್ತರೆ ಒಳಗೆ ವೈರುಗಳ ನಡುವೆ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದೊಂದು ಕಪ್ಪು ಡಬ್ಬಿ ಇರುತ್ತದೆ. ಸಿಡಿಐ ಅಂತಾರೆ. ಇಂಜಿನ್ನಿನೊಳಗೆ ಯಾವ ಗಳಿಗೆಯಲ್ಲಿ ಕಿಡಿ ಹಾರಬೇಕು ಅಂತ ತೀರ್ಮಾನಿಸುವುದು ಅದೇ. ಕಂಪನಿಯವರು ಹಾಕಿ ಕೊಡುವ ಡಬ್ಬಿ ಬಲು ಮರ್ಯಾದಸ್ಥ. ಇಂಜಿನ್ ಒಂದು ಮಟ್ಟ ಮೀರಿ ಕಿರುಚಿತೋ, ಹೆಡ್‌ಮಾಸ್ತರ ಥರ ‘ಸಾಕು ಕೂತ್ಕೊಳೋ’ ಅಂತ ಅದುಮಿಬಿಡುತ್ತದೆ. ಆ ಹೆಡ್‌ಮಾಸ್ತರನನ್ನು ಎತ್ತಿ ಬಿಸಾಕಿ, ಅವನ ಜಾಗದಲ್ಲಿ ಯಾವ ಕಟ್ಟುಪಾಡೂ ಇಲ್ಲದ ರೇಸಿಂಗ್ ಡಬ್ಬಿ ಕೂರಿಸಬೇಕು ಅನ್ನುವ ಹುಚ್ಚು ನನಗೆ ಹತ್ತಿತ್ತು. ಎರಡು ಸಾವಿರದ ಇಸವಿ ಕಳೆದ ಹೊಸತು. ಅರಸೀಕೆರೆಯಲ್ಲಿ ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂತು ನೊಣ ಹೊಡೆಯುತ್ತಿದ್ದ ಕಾಲ ಅದು.

ಡಬ್ಬಿ ಬೆಂಗಳೂರಿನಿಂದ ಬಂತು, ಸ್ನೇಹಿತನೊಬ್ಬನ ಚೀಲದಲ್ಲಿ, ಅವನ ಬನಿಯನ್ನಿನಲ್ಲಿ ಸುತ್ತಿಕೊಂಡು. ಜೊತೆಗೆ ದಪ್ಪ ಕಿಡಿ ಕೊಡುವ ಕಾಯಿಲ್ಲು, ಅದಕ್ಕೆ ಹೊಂದುವ ಪ್ಲಗ್ಗು, ಹ್ಯಾಂಡಲ್ ಮೇಲೆ ಹಾಕಲು ಒಂದು ಪುಟ್ಟ ಸ್ವಿಚ್ಚು. ಸ್ವಿಚ್ಚು ಹಿಂದಕ್ಕೆ ತಳ್ಳಿದರೆ ಊರೊಳಗಿನ ಓಟ, ಮುಂದಕ್ಕೆ ತಳ್ಳಿದರೆ ದೇವರೇ ಗತಿ. ಬಸ್‌ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನವನು ಡಬ್ಬಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ. ಅದರ ಬೆನ್ನಿಗೆಲ್ಲ ಕಪ್ಪು ಅಂಟು ಸುರಿದು ಕಲ್ಲಿನ ಹಾಗೆ ಮುಚ್ಚಿಬಿಟ್ಟಿದ್ದರು. ‘ಇದು ಕೆಟ್ರೆ ಬಿಚ್ಚೋದು ಎಲ್ಲಿಂದ ಸಾ?’ ಅಂದ. ‘ಕೆಡಲ್ಲ ಹಾಕಪ್ಪಾ, ಅಪಶಕುನ ನುಡೀಬೇಡ’ ಅಂದೆ. ಹಾಕಿದ. ಹಳೇ ಡಬ್ಬಿ ಅವನ ಗ್ಯಾರೇಜಿನಲ್ಲೇ ಉಳಿದು, ಆಮೇಲೆ ಇನ್ಯಾರದೋ ಬೈಕು ಸೇರಿತು.

ಗಂಡಸಿ ರಸ್ತೆಯಲ್ಲಿ ಮೊದಲ ಸಲ ಸ್ವಿಚ್ಚು ಮುಂದಕ್ಕೆ ತಳ್ಳಿದೆ. ಅಬ್ಬಬ್ಬಾ! ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಗಿ ಅಲ್ಲೂ ನಿಲ್ಲಲಿಲ್ಲ. ಎರಡೂ ಕಡೆಯ ತೆಂಗಿನ ಮರಗಳು ಒಂದೇ ಗೋಡೆಯಾಗಿಬಿಟ್ಟವು. ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೂ ನಗು ನಿಲ್ಲುತ್ತಿರಲಿಲ್ಲ. ಆಮೇಲೆ ಬೀದಿಯವರಿಗೆಲ್ಲ ಡಬ್ಬಿಯ ದರ್ಶನ ಆಗಬೇಕಾಯಿತು. ‘ಎಲ್ಲಿ ತೋರ್ಸ್ಲಾ ಅದನ್ನ’ ಅಂತ ಒಬ್ಬೊಬ್ಬರೇ ಬರುವುದು, ನಾನು ಕವರ್ ತೆಗೆದು ತೋರಿಸುವುದು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ಇಷ್ಟು ಜನದ ಕಣ್ಣು ಬಿದ್ರೆ ಯಾವ ವಸ್ತು ತಾನೇ ಉಳಿಯುತ್ತೋ?’ ಅನ್ನುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಅಕ್ಕನ ವಿಷಯ ಹೇಳಬೇಕು. ಅಕ್ಕ ಹಳೇಬೀಡಿನಲ್ಲಿ ಶಾಲೆ ಟೀಚರು. ಅಲ್ಲೇ ತನ್ನ ಜೊತೆಗೆ ಪಾಠ ಮಾಡುತ್ತಿದ್ದ ಮೇಷ್ಟ್ರನ್ನು ಮದುವೆಯಾಗಿ, ಊರ ಪಕ್ಕದ ಬಸ್ತಿಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದಳು. ಭಾವನ ಮನೆಯವರು ಬುದ್ಧನನ್ನು ನಂಬಿದವರು, ನಾವು ಮಠಕ್ಕೆ ನಡೆದುಕೊಳ್ಳುವ ವ್ಯಾಪಾರಸ್ಥರು. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಮಿಕ್ಕದ್ದು ತಿಳಿಯುತ್ತದೆ. ಅಪ್ಪ ಕೂಗಾಡಲಿಲ್ಲ, ಬೈಯಲಿಲ್ಲ. ಅಕ್ಕನ ಹೆಸರು ಬಂದರೆ ಸಾಕು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಕೂಗಾಡಿದ್ದರೇ ಚೆನ್ನಾಗಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಬೇಕು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು, ಮೇಲೆ ಇನ್ನೊಂದು ಮೊರ ಕವುಚಿ ದಾರ ಕಟ್ಟುವುದು. ಅಪ್ಪ ತಮ್ಮ ಅಕ್ಕತಂಗಿಯರಿಗೆ ಬಾಗಿನ ಕೊಡುತ್ತಿದ್ದ ರೀತಿಯನ್ನು ನಾನೂ ಅಕ್ಕನೂ ನೋಡುತ್ತಲೇ ಬೆಳೆದವರು. ಹಬ್ಬದ ದಿನ ಅವರು ಕಾಫಿ ಕೂಡ ಕುಡಿಯದೆ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ಬಾಗಿನ ಮುಟ್ಟಬೇಕಾದದ್ದು ಹೆಣ್ಣುಮಗಳು ಬೆಳಗ್ಗೆ ಬಾಗಿಲಿಗೆ ರಂಗೋಲಿ ಇಟ್ಟು ನಿಂತಿರುವ ಹೊತ್ತಿಗೆ. ಹೊತ್ತೇರಿದ ಮೇಲೆ ಹೋದರೆ ಅದು ಮನಸ್ಸಿಲ್ಲದೆ ಕೊಟ್ಟದ್ದು ಅಂತ ಅವರ ಲೆಕ್ಕ.

ಅಕ್ಕನ ಮದುವೆಯಾದ ಮೇಲೆ ಅಮ್ಮ ಪ್ರತಿ ಗೌರಿ ಹಬ್ಬಕ್ಕೂ ಪಕ್ಕದ ಮನೆಯಲ್ಲಿ ಕದ್ದು ಬಾಗಿನ ಕಟ್ಟಿಸುತ್ತಿದ್ದಳು. ಅಪ್ಪ ಮಧ್ಯಾಹ್ನ ಉಂಡು ಮಲಗಿದ ಮೇಲೆ ನನ್ನ ಕೈಗೆ ಕೊಟ್ಟು, ‘ಅಪ್ಪನೇ ಕಳ್ಸಿದ್ದು ಅಂತ ಹೇಳೋ’ ಅಂತ ಬಸ್ಸು ಹತ್ತಿಸುತ್ತಿದ್ದಳು. ನಾನು ಸಂಜೆಗೆ ಹೋಗಿ ಹಾಗೇ ಹೇಳುತ್ತಿದ್ದೆ. ಅಕ್ಕ ನಗುತ್ತಿದ್ದಳು. ‘ಅಪ್ಪ ಕಳ್ಸಿದ್ರೆ ಬೆಳಗಾಗೋದ್ರೊಳಗೆ ಬರ್ತಿತ್ತು ಕಣೋ’ ಅನ್ನುತ್ತಿದ್ದಳು. ಅವರ ಮನೆಯಲ್ಲಿ ಗೌರಿ ಕೂರಿಸುವುದಿಲ್ಲ, ಅಕ್ಕನಿಗೂ ಪೂಜೆ ಬೇಕಿರಲಿಲ್ಲ. ಅವಳು ಬಾಗಿಲು ನೋಡುತ್ತಿದ್ದದ್ದು ಅಪ್ಪನ ಕೈಯಿಂದ ಬಂದ ಒಂದು ಮೊರಕ್ಕಾಗಿ, ಅಷ್ಟೇ.

ಆ ವರ್ಷ ಹಬ್ಬದ ಹಿಂದಿನ ದಿನ ಅಪ್ಪ ಸಂತೆಯಿಂದ ಜೋಡಿ ಮೊರ ಹಿಡಿದುಕೊಂಡು ಬಂದರು. ಕಾಯಿ ತಾವೇ ಕುಟ್ಟಿ ನೋಡಿ ಆರಿಸಿದರು. ಅಮ್ಮ ಉಸಿರೂ ಬಿಡದೆ ನೋಡುತ್ತಿದ್ದಳು. ಎಲ್ಲ ಕಟ್ಟಿ ಮುಗಿದ ಮೇಲೆ ನನ್ನ ಕಡೆ ತಿರುಗಿ, ‘ತಗೊಂಡ್ ಹೋಗಿ ಕೊಟ್ಬಾ’ ಅಂದರು.

‘ಯಾರಿಗಪ್ಪಾ?’

‘ಯಾರಿಗೆ ಅಂದ್ರೆ? ನಿಂಗೆ ಎಷ್ಟು ಜನ ಅಕ್ಕಂದಿರೋ?’

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ‘ನೀವೇ ಕಳ್ಸಿದ್ದು ಅಂತ ಹೇಳ್ಲಾ?’ ಅಂದೆ.

‘ಹೇಳೋದೇನು? ಬೆಳಗ್ಗೆ ಮುಟ್ಟಿಸು. ಅವಳಿಗೇ ತಿಳಿಯುತ್ತೆ.’

ಬೆಳಗ್ಗೆ ತಾನೇ? ನನ್ನ ಹತ್ತಿರ ರೇಸಿಂಗ್ ಡಬ್ಬಿ ಇತ್ತು. ಮೊದಲ ಬಸ್ಸು ದಾರಿಯಲ್ಲಿ ಸಿಗುವ ಜಾವಗಲ್ಲು ಮುಟ್ಟುವುದರೊಳಗೆ ನಾನು ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತೇನೆ ಅಂದುಕೊಂಡೆ. ಮಾರನೇ ದಿನ ಸ್ನಾನ ಮಾಡಿ ಬರುವಷ್ಟರಲ್ಲಿ ಅಮ್ಮ ಗಾಡಿಗೆ ವಿಭೂತಿ ಬಳಿದು, ಹೂವು ಮುಡಿಸಿ ಸಿದ್ಧ ಮಾಡಿದ್ದಳು. ಬಾಗಿನವನ್ನು ಹಿಂದಿನ ಸೀಟಿಗೆ ಹಗ್ಗ ಹಾಕಿ ಕಟ್ಟಿಕೊಂಡು ಹೊರಟೆ. ಅಪ್ಪ ಜಗುಲಿಯ ಮೇಲೆ ನಿಂತಿದ್ದರು. ನನ್ನನ್ನು ನೋಡಲಿಲ್ಲ. ಮೊರವನ್ನೇ ನೋಡುತ್ತಿದ್ದರು.

ಊರು ದಾಟಿ ಸ್ವಿಚ್ಚು ಮುಂದಕ್ಕೆ ತಳ್ಳಿದೆ. ಗಾಡಿ ಹಾರಿತು. ನನ್ನ ಜೀವನದಲ್ಲಿ ಅಷ್ಟು ಖುಷಿಯಾಗಿ ಗಾಡಿ ಓಡಿಸಿದ್ದು ಅವತ್ತೇ. ಅಕ್ಕನ ಮುಖ ಹೇಗಾಗುತ್ತೆ ಅಂತ ನೆನೆಸಿಕೊಂಡು ಹೆಲ್ಮೆಟ್ಟೂ ಇಲ್ಲದೆ ಬಾಯ್ತುಂಬ ಗಾಳಿ ನುಂಗುತ್ತಾ ಹೋದೆ. ಜಾವಗಲ್ಲು ಇನ್ನೂ ಸ್ವಲ್ಪ ದೂರ ಇರುವಾಗ ಇಂಜಿನ್ ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಆಮೇಲೆ ಉಸಿರೇ ಇಲ್ಲ.

ಕಿಕ್ಕರ್ ಒದ್ದೆ. ಒದ್ದು ಒದ್ದು ಕಾಲು ಸೋತಿತು. ಪ್ಲಗ್ಗು ಬಿಚ್ಚಿ ಇಂಜಿನ್ನಿಗೆ ಮುಟ್ಟಿಸಿ ಒದ್ದರೆ ಕಿಡಿಯ ಸುಳಿವೇ ಇಲ್ಲ. ಥತ್, ನಿನ್ನ! ಬಾಗಿನದ ಸಮೇತ ಗಾಡಿ ತಳ್ಳತೊಡಗಿದೆ. ನಾನು ಹಿಂದೆ ಹಾಕಬೇಕು ಅಂದುಕೊಂಡಿದ್ದ ಬಸ್ಸು ಹಾರನ್ ಹೊಡೆದುಕೊಂಡು ನನ್ನ ಪಕ್ಕದಲ್ಲೇ ಹೋಯಿತು. ಕೈ ಅಡ್ಡ ಹಾಕಿದೆ. ಬಾಗಿಲಲ್ಲೇ ಜನ ಜೋತಾಡುತ್ತಿದ್ದರು, ಯಾರು ನಿಲ್ಲಿಸುತ್ತಾರೆ?

ಜಾವಗಲ್ಲಿನಲ್ಲಿ ಹಬ್ಬದ ದಿನ ಅರ್ಧ ಬಾಗಿಲು ತೆಗೆದಿದ್ದ ಒಂದೇ ಒಂದು ಗ್ಯಾರೇಜು. ಅವನು ಸೈಡ್ ಕವರ್ ಕಿತ್ತವನು ಬೆಚ್ಚಿಬಿದ್ದು ಹಿಂದೆ ಸರಿದ. ‘ಏನ್ ಸಾ ಇದು, ಗಾಡಿಯೊಳಗೆ ರಕ್ತ ಸೋರ್ತಾ ಐತೆ!’

ಬಗ್ಗಿ ನೋಡಿದೆ. ಹೋಳು ಮಾಡಿ ಕುಂಕುಮ ತುಂಬಿದ ನಿಂಬೆಹಣ್ಣು. ಅದನ್ನು ದಾರದಲ್ಲಿ ಡಬ್ಬಿಗೇ ಬಿಗಿದು ಕಟ್ಟಿ ಮೇಲೆ ಕವರ್ ಒತ್ತಿ ಹಾಕಿದ್ದಳು ಅಮ್ಮ. ಊರಿನ ಕಣ್ಣೆಲ್ಲ ಬಿದ್ದಿದ್ದು ಆ ಡಬ್ಬಿಯ ಮೇಲೆ ತಾನೇ? ಹಾಗಿದ್ದ ಮೇಲೆ ದೃಷ್ಟಿ ತೆಗೆಯಬೇಕಾದದ್ದೂ ಅದಕ್ಕೇ. ಕವರ್ ತೆಗೆಯುವುದನ್ನು ನಾನು ದಿನಾ ತೋರಿಸಿ ತೋರಿಸಿ ಅವಳಿಗೂ ಕಲಿಸಿಬಿಟ್ಟಿದ್ದೆ. ಓಟದ ಅದುರಿಗೆ ಹಣ್ಣು ಹಿಂಡಿಹೋಗಿ, ಹುಳಿ ರಸವೆಲ್ಲ ವೈರು ಸೇರುವ ಬಾಯೊಳಗೆ ಇಳಿದಿತ್ತು.

ಅಪ್ಪ ಮಗಳಿಗೆ ಕಳಿಸುವ ಮೊದಲ ಬಾಗಿನ ಸುಖವಾಗಿ ಮುಟ್ಟಲಿ ಅಂತ ಅಮ್ಮ ಮಾಡಿದ್ದು. ಯಾರ ಮೇಲೆ ರೇಗಲಿ ನಾನು? ಗ್ಯಾರೇಜಿನವನು ಪಾಪ, ಒರೆಸಿದ, ಪೆಟ್ರೋಲ್ ಹಾಕಿ ತೊಳೆದ, ಬಿಸಿಲಿಗಿಟ್ಟ. ಡಬ್ಬಿ ಉಸಿರಾಡಲಿಲ್ಲ. ‘ಹಳೇ ಕಾಲದ ಕಿಡಿ ಕೊಡೋ ಪಾಯಿಂಟು ಆಗಿದ್ರೆ ಉಜ್ಜಿ ಕಳಿಸ್ತಿದ್ದೆ. ಇದರೊಳಗೆ ಏನೈತೆ ಅಂತ ಆ ಶಿವನಿಗೇ ಗೊತ್ತು’ ಅಂದ. ಇಂಥ ಬೈಕಿನ ಬೇರೆ ಡಬ್ಬಿ ಅವನ ಹತ್ತಿರ ಇರಲಿಲ್ಲ. ಬಿಸಿಲು ಏರುತ್ತಿತ್ತು. ನಾನು ಆ ಕಪ್ಪು ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತೆ. ಬಿಚ್ಚುವ ಹಾಗಿಲ್ಲ, ಬೈಯುವ ಹಾಗಿಲ್ಲ. ಎಸೆಯೋಣ ಅಂದರೆ ಅದನ್ನು ಎಸೆದು ಏನು ಬರಬೇಕು? ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಅತ್ತೆ.

ಬಂದ ಬಸ್ಸುಗಳೆಲ್ಲ ತುಂಬಿ ಚೆಲ್ಲುತ್ತಿದ್ದವು. ಮೊರ ಹಿಡಿದುಕೊಂಡವನನ್ನು ಕಂಡಕ್ಟರುಗಳು ಹತ್ತಿರವೂ ಸೇರಿಸಲಿಲ್ಲ. ಕೊನೆಗೆ ಸಿಕ್ಕಿದ್ದು ಹಳೇಬೀಡಿಗೆ ಮಣ್ಣಿನ ಗಣಪತಿಗಳನ್ನು ತುಂಬಿಕೊಂಡು ಹೊರಟಿದ್ದ ಟೆಂಪೋ. ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಹಿಂದೆ ಹತ್ತಿ ಕೂತೆ. ಮಡಿಲಲ್ಲಿ ಬಾಗಿನ, ಅತ್ತಿತ್ತ ಒಂದೊಂದು ಗಣಪತಿ, ಎರಡನ್ನೂ ಅಲುಗದ ಹಾಗೆ ಹಿಡಿದುಕೊಳ್ಳಬೇಕು. ಟೆಂಪೋ ಎತ್ತಿನ ಗಾಡಿಗಿಂತ ನಿಧಾನ. ‘ಸ್ವಲ್ಪ ಜೋರಾಗಿ ಹೊಡೀರಣ್ಣಾ’ ಅಂತ ಕೂಗಿದೆ. ‘ಸೊಂಡ್ಲು ಮುರುದ್ರೆ ಯಾರೂ ತಗಳಲ್ಲ ಸಾ, ಹಿಂಗೇ ಹೋಗೋದು’ ಅಂದ ಡ್ರೈವರು. ಅಲ್ಲಲ್ಲಿ ನಿಲ್ಲಿಸಿ ಒಂದೊಂದು ಹಳ್ಳಿಗೂ ಒಂದೊಂದು ಗಣಪತಿ ಇಳಿಸಿದ. ಊರೂರಲ್ಲೂ ಅದಕ್ಕೆ ಆರತಿ ಎತ್ತಿ ಒಳಗೆ ಕರೆದುಕೊಳ್ಳುವವರೆಗೆ ನಾನು ಕೂತಿರಬೇಕು. ಸಿಟ್ಟು ಬಂದು ಮಾಡುವುದಾದರೂ ಏನು, ದೇವರ ಮೇಲೆ ರೇಗಲು ಬರುತ್ತದೆಯೇ?

ಬಸ್ತಿಹಳ್ಳಿಗೆ ಹೋದಾಗ ಹೊತ್ತು ಮುಳುಗುತ್ತಿತ್ತು. ಬಾಗಿಲ ಮುಂದಿನ ರಂಗೋಲಿ ತುಳಿದು ತುಳಿದು ಅಳಿಸಿತ್ತು. ಅಕ್ಕ ನನ್ನನ್ನು ನೋಡಿ, ‘ಬಂದ್ಯಾ? ಈ ವರ್ಷ ಇನ್ನೂ ತಡ’ ಅಂತ ನಕ್ಕಳು. ಬಾಗಿನ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ‘ಅಮ್ಮನಿಗೆ ಹೇಳು, ಪಾಪ ಇನ್ಮೇಲೆ ಕಷ್ಟ ಪಡ್ಬೇಡ ಅಂತ.’

‘ಅಕ್ಕಾ, ಇದು ಅಪ್ಪ ಕಳ್ಸಿದ್ದು.’

‘ಹೂಂ ಹೂಂ, ಗೊತ್ತು.’

‘ನಿಜವಾಗ್ಲೂ ಅಕ್ಕಾ! ನಿನ್ನಾಣೆ! ಅವ್ರೇ ಮೊರ ತಂದ್ರು, ಅವ್ರೇ ಕಾಯಿ ಆರಿಸಿದ್ರು. ಬೆಳಗ್ಗೆನೇ ಹೊರಟಿದ್ದೆ. ಬೈಕಿಗೆ ಹೊಸಾ ಡಬ್ಬಿ ಹಾಕಿದೀನಲ್ಲ, ಅದಕ್ಕೆ ಅಮ್ಮ ನಿಂಬೆಹಣ್ಣು ಕಟ್ಟಿ, ರಸ ಎಲ್ಲ ಒಳಗೆ ಹೋಗಿ...’

ಹೇಳುತ್ತಾ ಹೇಳುತ್ತಾ ನನಗೇ ಅದು ಹೇಗೆ ಕೇಳಿಸುತ್ತಿದೆ ಅಂತ ಗೊತ್ತಾಯಿತು. ಅಕ್ಕ ಸೊಂಟ ಹಿಡಿದುಕೊಂಡು ನಗುತ್ತಿದ್ದಳು. ‘ರೀ, ಬನ್ರೀ ಇಲ್ಲಿ, ಕೇಳಿ ಈ ಸಲದ ಕಥೆ! ನಿಂಬೆಹಣ್ಣಂತೆ!’ ಅಂತ ಭಾವನನ್ನು ಕರೆದಳು. ಭಾವನೂ ನಕ್ಕರು. ನನ್ನ ಬೈಕೂ ಇಲ್ಲ, ಅಲ್ಲಿ ಸಾಕ್ಷಿಗೆ ಯಾರೂ ಇಲ್ಲ. ನಕ್ಕು ನಕ್ಕು ಅಕ್ಕನ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತಿತು, ಕಣ್ಣೀರು ಮಾತ್ರ ನಿಲ್ಲಲಿಲ್ಲ. ‘ಸಾಕು ಕಣೋ. ಆಸೆ ಹುಟ್ಟಿಸ್ಬೇಡ’ ಅಂದು ಒಳಗೆ ಹೋದಳು.

ಅವಳನ್ನು ಬಲವಂತದಿಂದ ಹಳೇಬೀಡಿನ ಎಸ್‌ಟಿಡಿ ಬೂತಿಗೆ ಕರೆದುಕೊಂಡು ಹೋದೆ. ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದಳು. ‘ಅಮ್ಮಾ, ನೀನೇ ಹೇಳು’ ಅಂತ ಅಕ್ಕನ ಕೈಗೆ ಕೊಟ್ಟೆ. ಪಕ್ಕದಲ್ಲಿ ನಿಂತ ನನಗೂ ಅಮ್ಮನ ಮಾತು ಕೇಳಿಸಿತು. ‘ಅಪ್ಪನೇ ಕಳ್ಸಿದ್ದು ಕಣೇ’ ಅಂದಳು. ಅಯ್ಯೋ, ಪ್ರತಿ ವರ್ಷ ಹೇಳುವ ಅದೇ ಮಾತು, ಅದೇ ಮೆಲುದನಿಯಲ್ಲಿ! ಅಕ್ಕ ನಕ್ಕಳು. ‘ಆಯ್ತಮ್ಮ, ನಂಬಿದೀನಿ ಬಿಡು’ ಅಂದು ಫೋನ್ ಇಟ್ಟಳು. ಅಪ್ಪನನ್ನು ಕರೆಯಮ್ಮ ಅಂತ ನಾನಾದರೂ ಯಾಕೆ ಹೇಳಲಿಲ್ಲ ಅಂದರೆ, ಅಪ್ಪ ಫೋನಿಗೆ ಬರುತ್ತಾರೆ ಅನ್ನುವುದು ನಮ್ಮ ಮನೆಯಲ್ಲಿ ಯಾರ ತಲೆಗೂ ಹೊಳೆಯುವ ವಿಷಯ ಅಲ್ಲ.

ಮಾರನೇ ದಿನ ಬಸ್ಸಿನಲ್ಲಿ ಅರಸೀಕೆರೆಗೆ ಬಂದೆ. ಅಪ್ಪ ಮಂಡಿಯಲ್ಲಿ ಒಬ್ಬರೇ ಕೂತಿದ್ದರು. ಗಣಪತಿ ಹಬ್ಬ, ವ್ಯಾಪಾರ ಇರಲಿಲ್ಲ.

‘ಗಾಡಿ ಕೆಟ್ಟು ಹೊತ್ತಾಯ್ತಪ್ಪಾ’ ಅಂದೆ.

‘ತಗೊಂಡ್ಲಾ?’

‘ತಗೊಂಡ್ಲು. ಕಣ್ಣಿಗೆ ಒತ್ಕೊಂಡ್ಲು.’

ತಲೆ ಆಡಿಸಿದರು. ಒಂದು ಕೊಬ್ಬರಿ ಹೋಳನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ, ‘ನಿನ್ನೆ ಫೋನ್ ಬಂದಾಗ ನಾನು ಅಲ್ಲೇ ಕೂತಿದ್ದೆ ಕಣೋ, ನಿಮ್ಮಮ್ಮನ ಪಕ್ಕದಲ್ಲೇ’ ಅಂದರು. ‘ಬೆಳಗ್ಗಿಂದ ಅಲ್ಲೇ ಇದ್ದೆ. ಅಪ್ಪಂಗೆ ಕೊಡಮ್ಮ ಅಂತ ಅವಳು ಒಂದು ಮಾತು ಅಂದಿದ್ರೆ ಮಾತಾಡೋಣ ಅಂತ. ಕೇಳ್ಲೇ ಇಲ್ಲ.’

ನೀವು ಕಳಿಸಿದ್ದು ಅಂತ ಅವಳು ನಂಬಲೇ ಇಲ್ಲ ಅಂದರೆ ಈ ಮನುಷ್ಯ ಇನ್ನೆಂದೂ ಮೊರ ಮುಟ್ಟುವುದಿಲ್ಲ. ಸುಮ್ಮನಿದ್ದರೆ, ನಂಬಿಯೂ ಅವಳು ಮಾತಾಡಲಿಲ್ಲ ಅಂತಾಗುತ್ತದೆ. ಬಾಯಿಗೆ ಬಂದದ್ದು ಹೇಳಿದೆ.

‘ಲೈನು ಸರಿ ಇರ್ಲಿಲ್ಲಪ್ಪಾ. ಏನೂ ಕೇಳಿಸ್ತಿರ್ಲಿಲ್ಲ.’

‘ಚೆನ್ನಾಗೇ ಇತ್ತು’ ಅಂದರು ಅಪ್ಪ. ‘ಮಾತು ತಿಳೀಲಿಲ್ಲ. ಆದರೆ ಅವಳು ನಕ್ಕಿದ್ದು ನಾ ಕೂತಲ್ಲಿಗೇ ಕೇಳಿಸ್ತು.’